ಎರಡನೇ ಸ್ಯಾಕ್ಸೋಫೋನ್ ಕೊಳ್ಳುವ ಮುಂಚೆ: ಮತ್ತೆ ಊದಲು ಶುರು ಮಾಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

16 ವರ್ಷ ಮುಟ್ಟದೇ ಇಟ್ಟಿದ್ದ ಆಲ್ಟೋ ಸ್ಯಾಕ್ಸನ್ನು ನಾನು ಮತ್ತೆ ಕೈಗೆತ್ತಿಕೊಂಡೆ. ಎರಡೇ ತಿಂಗಳಿಗೆ ಇನ್ನೊಂದು ಬೇಕು ಅನ್ನೋ ಹುಚ್ಚು ಹಿಡಿಯಿತು. ಆ ಹುಚ್ಚಿನಲ್ಲಿ ಕೊಂಡ ಟೆನರ್ (ಆಲ್ಟೋಗಿಂತ ದೊಡ್ಡದು, ದನಿ ಇನ್ನೂ ತಗ್ಗಿನದು) ಒಂದೂವರೆ ವರ್ಷಕ್ಕೆ ಕೈಬಿಟ್ಟು ಹೋಯಿತು. ಆಮೇಲೆ ನಿಧಾನವಾಗಿ ನೋಡಿ ಕೊಂಡ ಇನ್ನೊಂದು ಟೆನರ್ ಈಗಲೂ ಜೊತೆಗಿದೆ. ಈ ಎರಡರ ನಡುವೆ ನಾನು ಬೇರೆಯವರನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಈಗ ಬೇರೆಯವರು ನನ್ನನ್ನು ಕೇಳುವ ಪ್ರಶ್ನೆಗಳೂ ಇವೇ.

ಮನೆಯಲ್ಲಿ ಒಂದು ಸ್ಯಾಕ್ಸ್ ಇದೆ. ಎರಡನೆಯದು ನಿಜಕ್ಕೂ ಬೇಕಾ?

ಯಾವ ಕೆಲಸಕ್ಕೆ ಅಂತ ಮೊದಲು ಹೇಳಿ. ಎರಡನೆಯದನ್ನು ಹುಡುಕುವವರಲ್ಲಿ ಕೆಲವರಿಗೆ ಈಗಿರುವುದಕ್ಕಿಂತ ಒಳ್ಳೆಯದು ಬೇಕಿರುತ್ತದೆ. ಕೆಲವರಿಗೆ ಮೊದಲನೆಯದು ರಿಪೇರಿಗೆ ಹೋದಾಗ ಕೈಗೊಂದು ಇದ್ದರೆ ಸಾಕು. ಇನ್ನು ಕೆಲವರಿಗೆ ಬೇರೆಯದೇ ದನಿಯ ಮೇಲೆ ಆಸೆ. ಮೂವರೂ ಕೊಳ್ಳಬೇಕಾದದ್ದು ಬೇರೆ ಬೇರೆ. ಕೈಗೊಂದು ಇರಲಿ ಅನ್ನುವವರಿಗೆ ಗಟ್ಟಿಮುಟ್ಟಾದ ಕಲಿಕೆ ಮಟ್ಟದ ಹಾರ್ನ್ (ಸ್ಯಾಕ್ಸಿಗೇ ನಾವು ಹೀಗೂ ಅನ್ನುತ್ತೇವೆ) ಧಾರಾಳವಾಯಿತು. ಬೇರೆ ದನಿ ಬೇಕು ಅನ್ನುವವರು ಇನ್ನೊಂದು ಆಲ್ಟೋ ಕೊಂಡರೆ ಆರು ತಿಂಗಳಲ್ಲಿ ಬೇಸರ ಬರುತ್ತದೆ, ಅದು ಎಷ್ಟೇ ದುಬಾರಿಯದಾಗಿರಲಿ.

ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ: ‘ಈಗಿನ ಸ್ಯಾಕ್ಸಿನಲ್ಲಿ ನನಗೆ ಆಗದೇ ಇರುವುದು ಇದು.’ ಮುಂದೆ ಏನು ಬರೆಯಬೇಕು ಅಂತ ಹೊಳೆಯದಿದ್ದರೆ ಇನ್ನೂ ಸ್ವಲ್ಪ ದಿನ ಕಾಯಿರಿ.

ಹಳೇ ಸ್ಯಾಕ್ಸಿನಲ್ಲಿ ಕೆಳಗಿನ ಸ್ವರಗಳೇ ಬರುತ್ತಿಲ್ಲ. ಹೊಸದು ಕೊಂಡರೆ ಸರಿಹೋಗುತ್ತಾ?

ಹೋಗಬಹುದು. ಆದರೆ ಮೊದಲು ಹಳೆಯದನ್ನು ರಿಪೇರಿಯವರಿಗೆ ತೋರಿಸಿ. ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದ ಸ್ಯಾಕ್ಸಿನ ಪ್ಯಾಡುಗಳು ಒಣಗಿ ಗಟ್ಟಿಯಾಗಿರುತ್ತವೆ. ಪ್ಯಾಡ್ ಅಂದರೆ ದೊಡ್ಡದೇನಲ್ಲ, ಕೊಳವೆಯ ತೂತು ಮುಚ್ಚುವ ಬಿಲ್ಲೆ. ಒಂದು ರಟ್ಟು, ಅದರ ಮೇಲೆ ಫೆಲ್ಟ್, ಅದರ ಮೇಲೆ ತೆಳುವಾದ ಚರ್ಮ. ಕೀಗಳ ಅಡಿಯ ಕಾರ್ಕ್ ತುಂಡುಗಳೂ ಚಪ್ಪಟೆಯಾಗಿ, ಉದುರಿ, ಒಂದು ಕೀಗೂ ಇನ್ನೊಂದಕ್ಕೂ ಇದ್ದ ಹೊಂದಾಣಿಕೆ ತಪ್ಪಿರುತ್ತದೆ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸಂದಿ ಬಿಟ್ಟರೂ ಸಾಕು, ಅಲ್ಲಿಂದ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಕೆಳಗಿನ ಸ್ವರ ಬರಬೇಕಾದರೆ ಅದರ ಮೇಲಿನ ತೂತುಗಳೆಲ್ಲ ಪೂರ್ತಿ ಮುಚ್ಚಿರಬೇಕಲ್ವಾ?

ನನ್ನ ಆಲ್ಟೋದಲ್ಲಿ ಲೋ ಡಿಯಿಂದ (ತಗ್ಗಿನ ಡಿ ಸ್ವರದಿಂದ) ಕೆಳಗೆ ಏನೂ ಬರುತ್ತಿರಲಿಲ್ಲ. ಬಂದರೂ ಗೂಳಿ ಗುಟುರು ಹಾಕಿದ ಹಾಗೆ. ಇಷ್ಟು ವರ್ಷ ಊದದೆ ತುಟಿಯ ಶಕ್ತಿ ಹೋಗಿದೆ ಅಂತ ನನ್ನನ್ನೇ ಬೈದುಕೊಂಡೆ. ಕೊನೆಗೆ ರಿಪೇರಿಯವರು ಕೋಣೆಯ ದೀಪ ಆರಿಸಿ, ಪುಟ್ಟ ಬಲ್ಬುಗಳ ಸರವೊಂದನ್ನು ಕೊಳವೆಯೊಳಗೆ ಇಳಿಬಿಟ್ಟರು. ಒಂದೊಂದೇ ಕೀಯನ್ನು ಮೆತ್ತಗೆ ಒತ್ತುತ್ತಾ ಕೆಳಗೆ ಬಂದರು. ಜಿ ಶಾರ್ಪ್ ಪ್ಯಾಡಿನ ಹಿಂಬದಿಯಲ್ಲಿ, ಕತ್ತರಿಸಿದ ಉಗುರಿನಷ್ಟು ಬೆಳಕಿನ ಗೆರೆ. ನನ್ನ ಉಸಿರೆಲ್ಲ ಅಲ್ಲಿಂದಲೇ ಆಚೆ ಹೋಗುತ್ತಿತ್ತು. ಮೂರು ಪ್ಯಾಡ್ ಬದಲಾಯಿಸಿ, ನೆಕ್ಕಿಗೆ (ಬಾಯಿಗಿಡುವ ಮೌತ್‌ಪೀಸ್ ಸಿಕ್ಕಿಸುವ ಮೇಲಿನ ಬಾಗಿದ ಕೊಳವೆಗೆ) ಹೊಸ ಕಾರ್ಕ್ ಅಂಟಿಸಿ, ಎರಡು ಸ್ಕ್ರೂ ತಿರುಗಿಸಿ ಕೊಟ್ಟರು. ಲೋ ಬಿ ಫ್ಲ್ಯಾಟ್ ಪಿಸುಮಾತಿನಷ್ಟು ಮೆಲ್ಲಗೆ ಊದಿದರೂ ಬಂತು. ಅಷ್ಟು ಹೊತ್ತಿಗೆ ನಾನು ಆ ಮೊದಲ ಟೆನರಿಗೆ ದುಡ್ಡು ಕೊಟ್ಟಾಗಿತ್ತು.

ಮತ್ತೆ ಶುರು ಮಾಡಿ ಎಷ್ಟು ದಿನ ಆದ ಮೇಲೆ ಕೊಳ್ಳುವುದು ಒಳ್ಳೆಯದು?

ನನ್ನ ಲೆಕ್ಕದಲ್ಲಿ ಮೂರರಿಂದ ಆರು ತಿಂಗಳು. ಬೆರಳುಗಳಿಗೆ ಹಳೆಯದೆಲ್ಲ ಬೇಗ ನೆನಪಾಗುತ್ತದೆ. ತುಟಿ ಮತ್ತು ಉಸಿರು ನಿಧಾನ. ಮೊದಲ ವಾರಗಳಲ್ಲಿ 15 ನಿಮಿಷಕ್ಕೇ ಬಾಯಿಯ ಮೂಲೆಯಿಂದ ಗಾಳಿ ಸೋರುತ್ತದೆ. ತುಟಿ ಸೋತಾಗ ಹಲ್ಲು ಕಚ್ಚಿ ಹಿಡಿಯುತ್ತೇವೆ, ಶ್ರುತಿ ಮೇಲೆ ಹೋಗುತ್ತದೆ, ದನಿ ಸಣ್ಣದಾಗುತ್ತದೆ. ಆ ಸ್ಥಿತಿಯಲ್ಲಿ ಎಂಥ ಸ್ಯಾಕ್ಸ್ ಕೊಟ್ಟರೂ ಎಲ್ಲ ಒಂದೇ ಥರ ಕೇಳಿಸುತ್ತವೆ. ಯಾವುದು ಒಳ್ಳೆಯದು ಅಂತ ಹೇಗೆ ಆರಿಸುತ್ತೀರಿ?

ಇನ್ನೊಂದು ಮಾತು. ಹಿಂದೆ ದಿನಕ್ಕೆ ಎರಡು ಗಂಟೆ ಊದುತ್ತಿದ್ದ ಹುಡುಗನಿಗೋ ಹುಡುಗಿಗೋ ಸ್ಯಾಕ್ಸ್ ಕೊಳ್ಳಬೇಡಿ. ಈಗ ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಊದುವವರಿಗೆ ಕೊಳ್ಳಿ. ಆಗ ನಂಬರ್ 3ರ ರೀಡ್ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಅದುರುವ ತೆಳು ಪಟ್ಟಿ, ನಂಬರ್ ಹೆಚ್ಚಾದಷ್ಟೂ ಗಟ್ಟಿ) ಹಾಕುತ್ತಿದ್ದೆ ಅಂತ ಈಗಲೂ ಅದನ್ನೇ ಹಾಕಿ ಒದ್ದಾಡುವವರನ್ನು ನೋಡಿದ್ದೇನೆ. 2 ಅಥವಾ 2.5ಕ್ಕೆ ಇಳಿಯಿರಿ, ಯಾರೂ ಕೇಳುವುದಿಲ್ಲ. ಒಂದು ಕಂಪನಿಯ 2.5 ಇನ್ನೊಂದರ 3ರಷ್ಟು ಗಟ್ಟಿ ಇರಬಹುದು, ಹಾಗಾಗಿ ನಂಬರಿಗೆ ಜಾಸ್ತಿ ಮರ್ಯಾದೆ ಕೊಡುವುದೂ ಬೇಡ.

ಸ್ಯಾಕ್ಸಿನ ಬದಲು ಬರೀ ಮೌತ್‌ಪೀಸ್ ಬದಲಾಯಿಸಿದರೆ?

ಈ ಪ್ರಶ್ನೆ ಕೇಳಿದವರಿಗೆ ಅರ್ಧ ದುಡ್ಡು ಉಳಿಯಿತು. ದನಿ ಹೇಗಿರಬೇಕು ಅನ್ನುವುದನ್ನು ಹಿತ್ತಾಳೆಯ ಕೊಳವೆಗಿಂತ ಜಾಸ್ತಿ ತೀರ್ಮಾನಿಸುವುದು ನೀವು, ನಿಮ್ಮ ರೀಡ್, ನಿಮ್ಮ ಮೌತ್‌ಪೀಸ್. ‘ದನಿ ಮಂಕಾಗಿದೆ’, ‘ದನಿ ತೀರಾ ಚುಚ್ಚುತ್ತದೆ’ ಅನ್ನುವುದು ನಿಮ್ಮ ದೂರಾದರೆ ಮೊದಲು ಅಲ್ಲಿ ಕೈಹಾಕಿ.

ಇಲ್ಲಿ ನೋಡಬೇಕಾದ ಅಳತೆ ಅಂದರೆ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ಇರುವ ಸಂದಿ. ಯಮಾಹಾದ ಆಲ್ಟೋ 4ಸಿಯಲ್ಲಿ ಅದು 1.6 ಮಿಲಿಮೀಟರ್. ಸೆಲ್ಮರ್ ಎಸ್80 ಸಿ ಸ್ಟಾರ್‌ನಲ್ಲಿ 1.7. ಜಾಝ್ ಊದುವವರು ಇಷ್ಟಪಡುವ ಮೇಯರ್ 5ರಲ್ಲಿ ಸುಮಾರು 1.8. ಕಾಗದದ ಮೇಲೆ ಒಂದೊಂದು ಕೂದಲಿನಷ್ಟು ವ್ಯತ್ಯಾಸ, ಬಾಯಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸಂದಿ ದೊಡ್ಡದಾದಷ್ಟೂ ಗಾಳಿ ಜಾಸ್ತಿ ಬೇಕು, ರೀಡ್ ಮೆದು ಬೇಕು, ಶ್ರುತಿ ಹಿಡಿಯುವ ಜವಾಬ್ದಾರಿ ನಿಮ್ಮ ಮೇಲೆ ಜಾಸ್ತಿ ಬೀಳುತ್ತದೆ. ಮತ್ತೆ ಶುರು ಮಾಡಿದವರು ಒಮ್ಮೆಗೇ 2 ಮಿಲಿಮೀಟರ್ ದಾಟಿದ ಆಲ್ಟೋ ಮೌತ್‌ಪೀಸಿಗೆ ಹೋಗುವುದು ಸುಮ್ನೆ ಕಷ್ಟ ತಂದುಕೊಂಡ ಹಾಗೆ.

ಆಲ್ಟೋ ಊದುತ್ತಿದ್ದೆ. ಟೆನರಿಗೆ ಹೋದರೆ ಎಲ್ಲ ಹೊಸದಾಗಿ ಕಲಿಯಬೇಕಾ?

ಇಲ್ಲ. ಬೆರಳಿಡುವ ಕ್ರಮ ಎಲ್ಲ ಸ್ಯಾಕ್ಸುಗಳಲ್ಲೂ ಒಂದೇ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದಾಗಲೇ ಇದನ್ನು ಚಿಕ್ಕದರಿಂದ ದೊಡ್ಡದರವರೆಗೆ ಒಂದು ಕುಟುಂಬವಾಗಿ ಯೋಚಿಸಿದ್ದ. ಅದರ ಲಾಭ ಇವತ್ತು ನಮಗೆ.

ಬದಲಾಗುವುದು ಶ್ರುತಿ. ಆಲ್ಟೋ ಇ ಫ್ಲ್ಯಾಟ್‌ನದು, ಟೆನರ್ ಬಿ ಫ್ಲ್ಯಾಟ್‌ನದು. ಹಾಳೆಯಲ್ಲಿ ಸಿ ಅಂತ ನೋಡಿ ಊದಿದರೆ ಆಲ್ಟೋದಲ್ಲಿ ಇ ಫ್ಲ್ಯಾಟ್ ಕೇಳಿಸುತ್ತದೆ, ಟೆನರಿನಲ್ಲಿ ಬಿ ಫ್ಲ್ಯಾಟ್. ಅಂದರೆ ಆಲ್ಟೋಗೆ ಬರೆದ ಹಾಳೆಯನ್ನೇ ಟೆನರಿನಲ್ಲಿ ಊದಿದರೆ ಹಾಡು ಷಡ್ಜದಿಂದ ಕೆಳಗಿನ ಪಂಚಮಕ್ಕೆ ಇಳಿದ ಹಾಗೆ ಇಳಿಯುತ್ತದೆ. ಒಬ್ಬರೇ ಊದುವಾಗ ಏನೂ ತೊಂದರೆ ಇಲ್ಲ. ನಾಲ್ಕು ಜನರ ಜೊತೆ ಕೂತಾಗ ಟೆನರಿಗೆ ಬೇರೆಯೇ ಹಾಳೆ ಬೇಕು.

ಬಾಯಿಯ ವಿಷಯ ಸ್ವಲ್ಪ ಬೇರೆ. ಟೆನರಿನ ಮೌತ್‌ಪೀಸ್ ದೊಡ್ಡದು, ಹಿಡಿತ ಸಡಿಲ ಬೇಕು, ಗಾಳಿ ಬಿಸಿಯಾಗಿ ಅಗಲವಾಗಿ ಹೋಗಬೇಕು. ಇದಕ್ಕೆ ಹಳೆಯ ಒಂದು ಪರೀಕ್ಷೆ ಇದೆ. ಬರೀ ಮೌತ್‌ಪೀಸಿಗೆ ರೀಡ್ ಕಟ್ಟಿ ಟ್ಯೂನರ್ (ಶ್ರುತಿಯನ್ನು ಮುಳ್ಳಿನಿಂದ ತೋರಿಸುವ ಉಪಕರಣ) ಮುಂದೆ ಊದಿ. ಆಲ್ಟೋದಲ್ಲಿ ಎ ಸ್ವರದ ಹತ್ತಿರ ಬರಬೇಕು, ಟೆನರಿನಲ್ಲಿ ಜಿ ಹತ್ತಿರ. ಆಲ್ಟೋದವರು ಮೊದಲ ಸಲ ಟೆನರ್ ಹಿಡಿದಾಗ ಮುಳ್ಳು ಜಿಯನ್ನು ದಾಟಿ ಎಲ್ಲೋ ಮೇಲೆ ನಿಂತಿರುತ್ತದೆ. ಕಚ್ಚುತ್ತಿದ್ದೀರಿ ಅಂತ ಅರ್ಥ. ನನಗೆ ಆ ಮುಳ್ಳು ಕೆಳಗಿಳಿಯಲು ಎರಡು ವಾರ ಬೇಕಾಯಿತು.

ಬೇರೆ ದನಿ ಬೇಕು ಅನ್ನುವ ಆಲ್ಟೋದವರಿಗೆ ನನ್ನ ಮೊದಲ ಸಲಹೆ ಟೆನರ್. ಟೆನರಿನವರಿಗೆ ಆಲ್ಟೋ. ಬೇರೆಯವು ಆಮೇಲೆ.

ಸೊಪ್ರಾನೊ ಚಿಕ್ಕದು, ಹಗುರ. ಅದೇ ಸುಲಭ ಅಲ್ವಾ?

ನೋಡಲು ಮಾತ್ರ. ಟೆನರಿಗಿಂತ ಸರಿಯಾಗಿ ಒಂದು ಸಪ್ತಕ ಮೇಲೆ ಊದುವ ಈ ಪುಟ್ಟ ಹಾರ್ನ್ ತುಟಿಯ ಸಣ್ಣ ತಪ್ಪನ್ನೂ ಶ್ರುತಿಯಲ್ಲಿ ದೊಡ್ಡದಾಗಿ ತೋರಿಸುತ್ತದೆ. ಮೇಲಿನ ಸಪ್ತಕದಲ್ಲಿ ಕಿವಿ ಚುರುಕಿಲ್ಲದಿದ್ದರೆ ಮನೆಯವರ ಮುಖ ನೋಡಲು ಆಗುವುದಿಲ್ಲ. ಮೊದಲ ಸ್ಯಾಕ್ಸಿನಲ್ಲಿ ಶ್ರುತಿ ಗಟ್ಟಿಯಾಗಿ ನಿಂತ ಮೇಲೆ ಬನ್ನಿ. ಕೊಳ್ಳುವಾಗ ಅಗ್ಗದ್ದಕ್ಕೆ ಕೈಹಾಕಬೇಡಿ. ಅಗ್ಗದ ಆಲ್ಟೋದಲ್ಲಿ ಹೇಗೋ ಕಾಲ ತಳ್ಳಬಹುದು, ಅಗ್ಗದ ಸೊಪ್ರಾನೊದಲ್ಲಿ ಆಗುವುದಿಲ್ಲ.

ಬ್ಯಾರಿಟೋನ್?

ಅದರ ಲೋ ಎ ಎದೆಯೊಳಗೆ ಮೊಳಗುವಾಗ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆಲ್ಟೋ ಸುಮಾರು 2.5 ಕಿಲೋ, ಟೆನರ್ 3.5 ಕಿಲೋ, ಬ್ಯಾರಿಟೋನ್ 6 ಕಿಲೋ ಆಸುಪಾಸು. ಪೆಟ್ಟಿಗೆಯ ತೂಕ ಬೇರೆ. ಅದನ್ನು ಹೊತ್ತು ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಎಣಿಸಿಕೊಳ್ಳಿ. ನಿಮಗೊಂದು ತಂಡ ಇದ್ದು, ಅಲ್ಲಿ ಬ್ಯಾರಿಟೋನ್ ಕುರ್ಚಿ ಖಾಲಿ ಇದ್ದರೆ ಕಣ್ಣುಮುಚ್ಚಿ ಕೊಳ್ಳಿ. ಒಬ್ಬರೇ ಮನೆಯಲ್ಲಿ ಊದಲು ಅಂದರೆ ಎರಡು ಸಲ ಯೋಚಿಸಿ.

ಹಳೇ ಸಿ ಮೆಲಡಿ ಸ್ಯಾಕ್ಸ್ ಒಂದು ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲಾ?

1920ರ ದಶಕದಲ್ಲಿ ಮನೆಮನೆಯಲ್ಲಿ ಪಿಯಾನೋ ಜೊತೆ ಅದೇ ಹಾಳೆ ನೋಡಿ ಊದಲಿ ಅಂತ ಅಮೆರಿಕದಲ್ಲಿ ಸಿ ಶ್ರುತಿಯ ಇವನ್ನು ರಾಶಿ ರಾಶಿ ಮಾಡಿದರು. ಇವತ್ತು ಅದಕ್ಕೆ ತಕ್ಕ ಮೌತ್‌ಪೀಸ್ ಹುಡುಕುವುದೇ ಒಂದು ಕೆಲಸ. ತಂಡಗಳಲ್ಲೂ ಜಾಗ ಇಲ್ಲ. ಎರಡನೆಯದಾಗಿ ಬೇಡ. ಐದನೆಯದಾಗಿ ಬೇಕಾದರೆ ಆಗಲಿ.

ಹಳೇ ಕಾಲದ ಹಾರ್ನ್ ಒಳ್ಳೆಯದೋ, ಈಗಿನದೋ?

ಈ ಪ್ರಶ್ನೆಗೆ ಜಗಳವಾಡುವವರು ಬಹಳ. ಸೆಲ್ಮರ್ ಮಾರ್ಕ್ ಸಿಕ್ಸ್ 1954ರಲ್ಲಿ ಬಂತು, 70ರ ದಶಕದವರೆಗೆ ತಯಾರಾಯಿತು, ಈಗ ಅದಕ್ಕೆ ದೇವರ ಸ್ಥಾನ. ಕಾನ್, ಬುಷರ್, ಕಿಂಗ್, ಮಾರ್ಟಿನ್ ಇವುಗಳ ಹಳೇ ಹಾರ್ನುಗಳಿಗೂ ಅವುಗಳದ್ದೇ ದಪ್ಪ ದನಿ ಇದೆ. ನಾನೂ ಮರುಳಾಗಿದ್ದೇನೆ.

ಆದರೆ ಕೈಗೆ ಏನು ಅನಿಸುತ್ತದೆ ನೋಡಿ. 1936ರಲ್ಲಿ ಬಂದ ಸೆಲ್ಮರ್ ಬ್ಯಾಲೆನ್ಸ್ಡ್ ಆ್ಯಕ್ಷನ್ ಬೆಲ್ಲಿನ (ಅಗಲವಾಗಿ ತೆರೆದ ತುದಿಯ) ದೊಡ್ಡ ಕೀಗಳನ್ನು ಬಲಕ್ಕೆ ತಂದು ಎಡಗೈ ಕಿರುಬೆರಳಿನ ಕೆಲಸ ಹಗುರ ಮಾಡಿತು. ಇವತ್ತಿನ ಹಾರ್ನುಗಳೆಲ್ಲ ಹೆಚ್ಚುಕಡಿಮೆ ಆ ದಾರಿಯವೇ. ಅದಕ್ಕಿಂತ ಹಿಂದಿನ ವಿನ್ಯಾಸದಲ್ಲಿ ಲೋ ಸಿ ಶಾರ್ಪ್, ಬಿ, ಬಿ ಫ್ಲ್ಯಾಟ್ ಒತ್ತಲು ಕಿರುಬೆರಳಿಗೆ ಕಸರತ್ತು. ಸಂಧಿ ನೋವು ಶುರುವಾದ ವಯಸ್ಸಿನಲ್ಲಿ ಅದು ಸಣ್ಣ ವಿಷಯ ಅಲ್ಲ. ನನ್ನ ಮೊದಲ ಟೆನರ್ ಹೋದದ್ದು ಇದೇ ಕಾರಣಕ್ಕೆ. ದನಿಗೆ ಮರುಳಾಗಿ ತಂದೆ. ಸಂಜೆ ಅರ್ಧ ಗಂಟೆ ಊದಿದರೆ ರಾತ್ರಿಯೆಲ್ಲ ಕಿರುಬೆರಳು ಜುಮ್ಮೆನ್ನುತ್ತಿತ್ತು. ನಿಧಾನಕ್ಕೆ ಪೆಟ್ಟಿಗೆ ತೆರೆಯುವುದೇ ಕಡಿಮೆಯಾಯಿತು.

ಇನ್ನೆರಡು ಅಪಾಯಗಳಿವೆ. ತೀರಾ ಹಳೇ ಹಾರ್ನುಗಳಲ್ಲಿ ಕೆಲವು ‘ಹೈ ಪಿಚ್’ ಶ್ರುತಿಯವು. ಅವುಗಳಲ್ಲಿ ಎ ಸ್ವರ 440ರ ಬದಲು ಸುಮಾರು 457 ಹರ್ಟ್ಸ್. ಮೌತ್‌ಪೀಸ್ ಎಷ್ಟು ಹೊರಗೆ ಎಳೆದರೂ ಬೇರೆ ವಾದ್ಯಗಳ ಜೊತೆ ಸರಿಹೋಗುವುದಿಲ್ಲ. ಸೀರಿಯಲ್ ನಂಬರಿನ ಹತ್ತಿರ ಎಚ್ ಅಥವಾ ಎಚ್‌ಪಿ ಅಂತ ಕೊರೆದಿದ್ದರೆ ಬಿಟ್ಟುಬಿಡಿ. ಎಲ್ ಅಥವಾ ಎಲ್‌ಪಿ ಇದ್ದರೆ ಸರಿ. ಎರಡನೆಯದು ಮೌತ್‌ಪೀಸ್. ಹಳೇ ಅಗಲ ಕೊಳವೆಗೆ ಈಗಿನ ಕಿರಿದಾದ ಹೊಟ್ಟೆಯ ಮೌತ್‌ಪೀಸ್ ಹಾಕಿದರೆ ಕೆಲವೊಮ್ಮೆ ಶ್ರುತಿ ನಿಲ್ಲುವುದಿಲ್ಲ, ಲೋ ಬಿ ಗಡಗಡ ಅನ್ನುತ್ತದೆ. ತಪ್ಪು ಹಾರ್ನಿನದ್ದಲ್ಲ, ಜೋಡಿ ಸರಿಯಿಲ್ಲ ಅಷ್ಟೇ.

ಹೊಸದರಲ್ಲಿ ಯಾವ ಮಟ್ಟದ್ದು ಸಾಕು?

ಯಮಾಹಾದ ಕಲಿಕೆ ಮಟ್ಟದ ವೈಎಎಸ್-280ಕ್ಕೂ ವೃತ್ತಿಪರರು ಬಳಸುವ ವೈಎಎಸ್-62ಕ್ಕೂ ವ್ಯತ್ಯಾಸ ಇದೆ. ನೆಕ್ ಬೇರೆ, ಕೀಗಳ ಸ್ಪರ್ಶ ಬೇರೆ, ದನಿಗೆ ಒಂದು ತಿರುಳು ಇರುತ್ತದೆ. ನಿಮ್ಮ ಈಗಿನದು ಒಳ್ಳೆಯ ಕಲಿಕೆ ಮಟ್ಟದ್ದಾಗಿದ್ದರೆ ಇನ್ನೊಂದು ಅಂಥದ್ದೇ ತರುವುದರಲ್ಲಿ ಅರ್ಥ ಕಡಿಮೆ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ 62ರಂಥದ್ದು ಸಿಗುತ್ತದಾ ನೋಡಿ. ಜಪಾನಿನ ಯಾನಾಗಿಸಾವಾ, ಫ್ರಾನ್ಸಿನ ಸೆಲ್ಮರ್, ಜರ್ಮನಿಯ ಕೈಲ್ವರ್ತ್ ಇವೆಲ್ಲ ಕೈ ಬದಲಾದರೂ ಬೆಲೆ ಉಳಿಸಿಕೊಳ್ಳುವ ಹೆಸರುಗಳು. ತೈವಾನಿನ ಹೌಲಿ ಅನ್ನೋ ಊರಿನಲ್ಲಿ ಸ್ಯಾಕ್ಸ್ ಮಾಡುವುದೇ ಕಸುಬು. ಅಲ್ಲಿಂದ ಬರುವ ಮಧ್ಯಮ ಬೆಲೆಯವುಗಳಲ್ಲೂ ಈಗ ತುಂಬಾ ಒಳ್ಳೆಯವು ಇವೆ.

ಹೈ ಎಫ್ ಶಾರ್ಪ್ ಕೀ (ತುತ್ತತುದಿಯ ಸ್ವರಕ್ಕೆ ಇರುವ ಹೆಚ್ಚುವರಿ ಕೀ) ಇದೆಯಾ ಇಲ್ಲವಾ ಅಂತ ತಲೆಕೆಡಿಸಿಕೊಳ್ಳಬೇಡಿ.

ಬಣ್ಣಬಣ್ಣದ, ತೀರಾ ಅಗ್ಗದ ಹೊಸ ಸ್ಯಾಕ್ಸುಗಳ ಕಥೆ ಏನು?

ಮೊದಲ ದಿನ ಚೆನ್ನಾಗಿಯೇ ಊದುತ್ತವೆ. ತೊಂದರೆ ಆರನೇ ತಿಂಗಳಲ್ಲಿ. ಕೀಗಳ ಲೋಹ ಮೆತ್ತಗಿದ್ದರೆ ಜೋರಾಗಿ ಒತ್ತಿದಾಗ ಬಾಗುತ್ತವೆ, ಪ್ಯಾಡ್ ಕೂರುವ ಜಾಗ ತಪ್ಪುತ್ತದೆ. ಸರಿ ಮಾಡಿಸಿದರೆ ಮತ್ತೆ ಬಾಗುತ್ತವೆ. ಬಿಡಿಭಾಗ ಸಿಗುವುದಿಲ್ಲ. ಎಷ್ಟೋ ರಿಪೇರಿಯವರು ಮುಟ್ಟುವುದೇ ಇಲ್ಲ. ಕೊಳ್ಳುವ ಮುಂಚೆ ನಿಮ್ಮ ರಿಪೇರಿಯವರಿಗೆ ‘ಇದನ್ನು ರಿಪೇರಿ ಮಾಡ್ತೀರಾ?’ ಅಂತ ಒಂದು ಮಾತು ಕೇಳಿ. ಅವರ ಮುಖದಲ್ಲೇ ಉತ್ತರ ಸಿಗುತ್ತದೆ.

ಬೆಳ್ಳಿ ಲೇಪ, ಕಂಚು, ಕಪ್ಪು ಲ್ಯಾಕರ್: ದನಿ ಬದಲಾಗುತ್ತಾ?

ಕಣ್ಣಿಗೆ ಬೇಕಾದ್ದು ಆರಿಸಿ. ಈ ಚರ್ಚೆಯಲ್ಲಿ ಕಳೆಯುವ ಸಮಯವನ್ನು ಉದ್ದ ಸ್ವರ ಊದಲು ಕೊಟ್ಟರೆ ದನಿ ಖಂಡಿತ ಬದಲಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಏನೇನು ಗಮನಿಸಬೇಕು?

ಊದುವ ಮುಂಚೆ ಹತ್ತು ನಿಮಿಷ ಬರೀ ನೋಡಿ. ಮೊದಲು ನೆಕ್ ತೆಗೆದು ಪಕ್ಕದಿಂದ ಹಿಡಿಯಿರಿ. ಕೆಲವರು ಮೌತ್‌ಪೀಸ್ ತೂರಿಸುವಾಗ ನೆಕ್ಕನ್ನು ಕೆಳಕ್ಕೆ ಜಗ್ಗಿ ಬಗ್ಗಿಸಿರುತ್ತಾರೆ. ಆಗ ಬಾಗಿನ ಒಳಭಾಗದಲ್ಲಿ ಸಣ್ಣ ಸುಕ್ಕು ಕಾಣುತ್ತದೆ, ದುಂಡಗಿರಬೇಕಾದ ಕೊಳವೆ ಮೊಟ್ಟೆಯಾಕಾರ ಆಗಿರುತ್ತದೆ. ರಿಪೇರಿ ಆಗುತ್ತದೆ, ಆದರೆ ಬೆಲೆ ಮಾತಾಡುವಾಗ ಹೇಳಬೇಕಾದ ವಿಷಯ. ನೆಕ್ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡಿದರೆ ಅಲ್ಲೂ ಗಾಳಿ ಸೋರುತ್ತದೆ.

ಆಮೇಲೆ ಕೊಳವೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಬಡಗಿಯವರು ಹಲಗೆ ನೇರ ಇದೆಯಾ ಅಂತ ನೋಡುವುದಿಲ್ವಾ, ಹಾಗೆ. ಕೆಳಗೆ ಬಿದ್ದ ಸ್ಯಾಕ್ಸ್ ಬಾಳೆಹಣ್ಣಿನಂತೆ ಒಂಚೂರು ಬಾಗಿರುತ್ತದೆ. ಕೆಳಗಿನ ಬಾಗಿನಲ್ಲಿ ಸಣ್ಣಪುಟ್ಟ ತಗ್ಗು ಇದ್ದರೆ ಚಿಂತೆಯಿಲ್ಲ, ನೆಲಕ್ಕೆ ತಾಗಿ ಆಗುವಂಥದ್ದು. ತೂತಿನ ಅಂಚಿಗೆ ತಾಗಿದ ತಗ್ಗು ಇದ್ದರೆ ಚಿಂತೆ ಮಾಡಿ, ಅಲ್ಲಿ ಪ್ಯಾಡ್ ಕೂರುವುದಿಲ್ಲ. ಕೀಗಳನ್ನು ಅವುಗಳ ಕಡ್ಡಿಯ ಉದ್ದಕ್ಕೆ ಆಚೀಚೆ ತಳ್ಳಿ ನೋಡಿ. ಲಟಪಟ ಅಂದರೆ ಸವೆದಿವೆ.

ಹೊಳಪು ಕಂಡು ಮೋಸ ಹೋಗಬೇಡಿ, ನಾನು ಹೋಗಿದ್ದೇನೆ. ಮತ್ತೆ ಪಾಲಿಶ್ ಹಾಕಿ ಲ್ಯಾಕರ್ ಬಳಿದ ಹಾರ್ನಿನಲ್ಲಿ ಬೆಲ್ಲಿನ ಮೇಲಿನ ಕೆತ್ತನೆಯ ಅಂಚು ಸವೆದು ಮಂಕಾಗಿರುತ್ತದೆ. ಸೀರಿಯಲ್ ನಂಬರಿನ ಅಂಕಿಗಳು ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಗೀರು ಇದೆ, ಆದರೆ ಗೀರಿನ ಮೇಲೆಯೇ ಹೊಳಪು ಇದೆ ಅಂದರೆ ಅರ್ಥ ಮಾಡಿಕೊಳ್ಳಿ. ಹಾಗೆ ಮಾಡಿದ್ದೆಲ್ಲ ಕೆಟ್ಟದ್ದು ಅಂತಲ್ಲ. ಊದಲು ಚೆನ್ನಾಗಿಯೇ ಇರಬಹುದು. ‘ಹೊಸದರ ಹಾಗಿದೆ’ ಅಂತ ಹೆಚ್ಚು ಬೆಲೆ ಕೊಡಬಾರದು, ಅಷ್ಟೇ. ಹಿತ್ತಾಳೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಒಳಗಿನ ಸತು ಕರಗಿಹೋಗುತ್ತಿದೆ ಅಂತ. ನೆಕ್ಕಿನ ಒಳಗೆ ಇದನ್ನು ವಿಶೇಷವಾಗಿ ನೋಡಿ.

ಕೊನೆಗೆ ಪ್ಯಾಡುಗಳು. ಒಂದು ಸ್ಯಾಕ್ಸಿನಲ್ಲಿ ಸುಮಾರು 25 ಇರುತ್ತವೆ. ಎರಡು ಮೂರು ಹಾಳಾಗಿದ್ದರೆ ಸಣ್ಣ ಖರ್ಚು. ಎಲ್ಲ ಕಪ್ಪಾಗಿ ಬಿರುಕು ಬಿಟ್ಟಿದ್ದರೆ ಪೂರ್ತಿ ಬದಲಾಯಿಸಬೇಕು. ಆ ಖರ್ಚನ್ನು ಕೇಳಿಕೊಂಡು, ಹಾರ್ನಿನ ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಿ.

ಊದಿ ನೋಡುವಾಗ?

ನಿಮ್ಮದೇ ಮೌತ್‌ಪೀಸ್, ನಿಮಗೆ ಒಗ್ಗಿದ ರೀಡ್ ತೆಗೆದುಕೊಂಡು ಹೋಗಿ. ಅವರ ಮೌತ್‌ಪೀಸಿನಲ್ಲಿ ಊದಿದರೆ ನೀವು ಪರೀಕ್ಷಿಸಿದ್ದು ಅವರ ಮೌತ್‌ಪೀಸನ್ನು. ಬೇರೆ ಅಳತೆಯ ಸ್ಯಾಕ್ಸಾದರೆ ಎರವಲಾದರೂ ಒಂದು ಸಾದಾ ಮೌತ್‌ಪೀಸ್ ಹೊಂದಿಸಿಕೊಳ್ಳಿ. ನಿಮಗೆ ಚೆನ್ನಾಗಿ ಬರುವ ಹಾಡನ್ನು ಕೊನೆಗೆ ಇಡಿ. ಅದನ್ನು ನೀವು ಯಾವುದರ ಮೇಲಾದರೂ ಚಂದ ಮಾಡಿಯೇ ಊದುತ್ತೀರಿ.

ಮೊದಲು ನಡುವಿನ ಜಿಯಿಂದ ಒಂದೊಂದೇ ಸ್ವರ ಇಳಿದು ಲೋ ಬಿ ಫ್ಲ್ಯಾಟ್ ತನಕ, ಮೆಲ್ಲಗೆ, ಉದ್ದಕ್ಕೆ. ಎಲ್ಲಿ ತಡವರಿಸುತ್ತದೋ ಅದರ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಸೋರಿಕೆ ಇದೆ. ಬೆರಳಿನಿಂದ ಬಿಗಿಯಾಗಿ ಒತ್ತಿದರೆ ಮಾತ್ರ ಸ್ವರ ಬರುತ್ತದೆ ಅಂದರೂ ಅದೇ ಕಥೆ.

ಮುಂದಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಎಫ್ ಊದುತ್ತಾ ಇರಿ. ಊದುತ್ತಲೇ ಎಡಗೈ ಕಿರುಬೆರಳಿನಿಂದ ಜಿ ಶಾರ್ಪ್ ಕೀ ಒತ್ತಿ, ಬಿಡಿ, ಒತ್ತಿ, ಬಿಡಿ. ಸ್ವರದಲ್ಲಿ ಏನೂ ಬದಲಾಗಬಾರದು. ಇ ಮತ್ತು ಡಿಯಲ್ಲೂ ಹೀಗೇ ಮಾಡಿ. ದನಿ ಒಡೆದರೆ ಜಿ ಶಾರ್ಪ್ ಪ್ಯಾಡನ್ನು ಮುಚ್ಚಿ ಹಿಡಿಯುವ ಪುಟ್ಟ ಸ್ಕ್ರೂ ಸಡಿಲಾಗಿದೆ. ಅರ್ಧ ಸುತ್ತು ತಿರುಗಿಸಿದರೆ ಸರಿಯಾಗುವ ದೋಷ ಇದು. ಆದರೆ ಲೋ ಸಿ ಶಾರ್ಪ್, ಬಿ, ಬಿ ಫ್ಲ್ಯಾಟ್ ಮೂರನ್ನೂ ಕೆಡಿಸಬಲ್ಲದು. ಎಷ್ಟೋ ಜನ ಇದೊಂದಕ್ಕಾಗಿ ಒಳ್ಳೆಯ ಹಾರ್ನ್ ಬಿಟ್ಟುಬಂದಿದ್ದಾರೆ.

ಆಮೇಲೆ ಟ್ಯೂನರ್ ತೆಗೆಯಿರಿ. ಬೆರಳೇ ಇಡದ ಸಿ ಶಾರ್ಪ್ ಸ್ವಲ್ಪ ಕೆಳಗೆ, ಆಕ್ಟೇವ್ ಕೀ (ಸ್ವರವನ್ನು ಒಂದು ಸಪ್ತಕ ಮೇಲಕ್ಕೆ ಒಯ್ಯುವ ಕೀ) ಒತ್ತಿದ ಡಿ ಸ್ವಲ್ಪ ಮೇಲೆ ಇರುವುದು ಸ್ಯಾಕ್ಸಿನ ಹುಟ್ಟುಗುಣ. ಅದಕ್ಕೆ ಹೆದರಬೇಡಿ. ಒಂದೇ ಸ್ವರ ಅಕ್ಕಪಕ್ಕದವುಗಳಿಗಿಂತ ತೀರಾ ಬೇರೆ ಕಡೆ ಹೋದರೆ ಮಾತ್ರ ಯಾಕೆ ಅಂತ ಕೇಳಿ. ಮುಳ್ಳು ನೋಡಿಕೊಂಡು ಊದಬೇಡಿ, ನಮ್ಮ ಬಾಯಿ ಅಲ್ಲೇ ಸರಿ ಮಾಡಿಬಿಡುತ್ತದೆ. ಕಣ್ಣು ಮುಚ್ಚಿ ಸ್ವರ ಹಿಡಿದು, ನಿಂತ ಮೇಲೆ ಕಣ್ಣು ಬಿಡಿ.

20 ನಿಮಿಷ ನಿಂತೇ ಊದಿ. ಹೆಬ್ಬೆರಳು, ಕತ್ತು, ಮಣಿಕಟ್ಟು ಏನು ಹೇಳುತ್ತವೆ ಕೇಳಿಸಿಕೊಳ್ಳಿ.

ಚಿತ್ರ ನೋಡಿಯೇ ಕೊಳ್ಳಬಹುದಾ?

ವಾಪಸ್ ಕೊಡುವ ಅವಕಾಶ ಬರಹದಲ್ಲಿ ಇದ್ದರೆ. ನೆಕ್ಕಿನ ಪಕ್ಕನೋಟ, ಸೀರಿಯಲ್ ನಂಬರ್, ಕೆತ್ತನೆ, ತೆರೆದ ಪ್ಯಾಡುಗಳು ಇವುಗಳ ಹತ್ತಿರದ ಚಿತ್ರ ಕೇಳಿ. ಲೋ ಬಿ ಫ್ಲ್ಯಾಟ್ ತನಕ ಮೆಲ್ಲಗೆ ಊದಿದ ವಿಡಿಯೋ ಕೇಳಿ. ‘ಒಂಚೂರು ಪ್ಯಾಡ್ ಕೆಲಸ ಇರಬಹುದು’ ಅಂತ ಬರೆದಿದ್ದರೆ ಪೂರ್ತಿ ಪ್ಯಾಡ್ ಖರ್ಚು ಅಂತಲೇ ಓದಿಕೊಳ್ಳಿ. ಕಳಿಸುವಾಗ ಪೆಟ್ಟಿಗೆಯೊಳಗೂ ಹೊರಗೂ ಬಟ್ಟೆ, ಕಾಗದ ತುಂಬಿರಬೇಕು. ಬೆಲ್ಲಿನ ಒಳಗೂ ತುಂಬಿರಬೇಕು.

ಕತ್ತು, ಬೆನ್ನು ನೋಯುತ್ತೆ. ಟೆನರ್ ಬಿಟ್ಟು ಆಲ್ಟೋಗೆ ಹೋಗಲಾ?

ಅದಕ್ಕೂ ಮುಂಚೆ ಪಟ್ಟಿ ಬದಲಾಯಿಸಿ. ಕತ್ತಿಗೆ ನೇತುಹಾಕುವ ಪಟ್ಟಿಯ ಬದಲು ಭುಜದ ಮೇಲೆ ಭಾರ ಹಂಚುವ ಹಾರ್ನೆಸ್ ಬರುತ್ತದೆ. ಬಲ ಹೆಬ್ಬೆರಳಿನ ಕೊಕ್ಕೆಯನ್ನು ಸ್ವಲ್ಪ ಸರಿಸಿದರೂ ಬಹಳ ವ್ಯತ್ಯಾಸ. ಕೈ ಚಿಕ್ಕದಿದ್ದರೆ ಎಡ ಅಂಗೈಯಿಂದ ಒತ್ತುವ ಮೇಲಿನ ಪಾಮ್ ಕೀಗಳಿಗೆ ರಬ್ಬರ್ ಅಂಟಿಸುವವರೂ ಇದ್ದಾರೆ. ಇವೆಲ್ಲ ಮಾಡಿದ ಮೇಲೂ ನೋವಿದ್ದರೆ ಹಗುರವಾದದ್ದಕ್ಕೆ ಹೋಗುವುದರಲ್ಲಿ ನಾಚಿಕೆ ಏನಿಲ್ಲ.

ರಾತ್ರಿ ಮಾತ್ರ ಸಮಯ ಸಿಗುತ್ತೆ. ಬೆಲ್ಲಿಗೆ ಬಟ್ಟೆ ತುರುಕಿದರೆ ಸದ್ದು ಕಡಿಮೆಯಾಗುತ್ತಾ?

ಇಲ್ಲ. ಸ್ಯಾಕ್ಸಿನ ಸದ್ದು ಬೆಲ್ಲಿನಿಂದಷ್ಟೇ ಬರುವುದಿಲ್ಲ, ತೆರೆದ ತೂತುಗಳಿಂದೆಲ್ಲ ಬರುತ್ತದೆ. ಬಟ್ಟೆ ತುರುಕಿದರೆ ಕೆಳಗಿನ ಸ್ವರಗಳು ಕೆಡುತ್ತವೆ, ಅಕ್ಕಪಕ್ಕದವರಿಗೆ ಏನೂ ಉಪಕಾರ ಆಗುವುದಿಲ್ಲ. ರಾತ್ರಿಯೊಂದೇ ಸಮಯ ಅಂತಾದರೆ ನಿಮ್ಮ ಎರಡನೇ ಸ್ಯಾಕ್ಸ್ ಹಿತ್ತಾಳೆಯದ್ದೇ ಆಗಬೇಕಿಲ್ಲ. ಯಮಾಹಾ ವೈಡಿಎಸ್-150, ರೋಲ್ಯಾಂಡ್ ಏರೋಫೋನ್ ಇಂಥ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಹೆಡ್‌ಫೋನ್ ಹಾಕಿ ಬೆರಳಿನ ಸಾಧನೆ ಮಾಡಬಹುದು. ತುಟಿಗೆ ಅದರಿಂದ ಲಾಭ ಕಡಿಮೆ. ವಾರಕ್ಕೆರಡು ದಿನವಾದರೂ ನಿಜವಾದ್ದನ್ನು ಊದಬೇಕು.

ಎರಡನೆಯದು ಬಂತು. ಮೊದಲನೆಯದನ್ನು ಮಾರಿಬಿಡಲಾ?

ಆರು ತಿಂಗಳು ಇಟ್ಟುಕೊಳ್ಳಿ. ಹೊಸದರ ಸಂಭ್ರಮದಲ್ಲಿ ಹಳೆಯದು ಕಡಿಮೆ ಅನಿಸುತ್ತದೆ. ನನ್ನ ಆ ಹಳೇ ಆಲ್ಟೋವನ್ನು ಮಾರಲು ಚಿತ್ರ ತೆಗೆದು, ಬೆಲೆಯೂ ಬರೆದಿಟ್ಟಿದ್ದೆ. ಕೊಳ್ಳಲು ಬಂದವರಿಗೆ ತೋರಿಸೋಣ ಅಂತ ಒಂದು ಸಂಜೆ ಊದಿದೆ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಎರಡನ್ನೂ ಸುಸ್ಥಿತಿಯಲ್ಲಿ ಇಡುವುದು ಹೇಗೆ?

ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ನೆಕ್ಕನ್ನೂ ಬಿಡದೆ. ರೀಡ್ ಬಿಚ್ಚಿ ಅದರ ಡಬ್ಬಿಯಲ್ಲಿ ಇಡಿ. ಪೆಟ್ಟಿಗೆಯಲ್ಲಿ ಸ್ಯಾಕ್ಸಿನ ಮೇಲೆ ಪುಸ್ತಕ, ಹಾಳೆ ಏನೂ ಇಡಬೇಡಿ, ಮುಚ್ಚಳ ಒತ್ತಿದಾಗ ಕೀ ಬಾಗುತ್ತದೆ. ಬೆಲ್ಲಿನ ಪಕ್ಕದ ಕೊಳವೆಯ ಬಾಯಿಗೆ ಒಂದು ಬಿರಡೆ ಬಂದಿರುತ್ತದೆ. ಅದನ್ನು ಬಿಸಾಡಬೇಡಿ. ನೆಕ್ ತೆಗೆದಾಗ ಹೊರಗೆ ಚಾಚಿರುವ ಆಕ್ಟೇವ್ ಕಡ್ಡಿ ಬಾಗದಂತೆ ಕಾಯುವುದು ಅದೇ.

ಯಾವುದನ್ನು ಕಡಿಮೆ ಊದುತ್ತೀರೋ ಅದರ ಜಿ ಶಾರ್ಪ್ ಪ್ಯಾಡ್ ಮೊದಲು ಅಂಟಿಕೊಳ್ಳುತ್ತದೆ. ಅದು ಯಾವಾಗಲೂ ಮುಚ್ಚಿಯೇ ಇರುವ ಪ್ಯಾಡ್, ಒಳಗೆ ತೇವ ನಿಲ್ಲುತ್ತದೆ. ಊದಲು ಹೊರಟಾಗ ಕೀ ಒತ್ತಿದರೂ ಪ್ಯಾಡ್ ಏಳುವುದಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ಎತ್ತಿ, ಕೆಳಗೆ ಒಂದು ತೆಳು ಕಾಗದದ ಚೂರಿಟ್ಟು, ಎರಡು ಮೂರು ಸಲ ಒತ್ತಿ ಬಿಡಿ. ಕಾಗದವನ್ನು ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ನಾನು ಪ್ರತಿ ಭಾನುವಾರ ಟೆನರ್ ಕೆಳಗಿಟ್ಟ ಮೇಲೆ ಆಲ್ಟೋ ತೆಗೆದು ಜಿ ಶಾರ್ಪ್ ಒಂದು ಸಲ ಒತ್ತಿ ನೋಡುತ್ತೇನೆ. ಟಪ್ ಅಂತ ಎದ್ದರೆ ಹತ್ತು ನಿಮಿಷ ಊದಿಯೇ ಒಳಗಿಡುತ್ತೇನೆ.